ಲಾಂಗ್ ಎಕ್ಸ್‌ಪೋಶರ್‌ಗೆ ಮೊದಲ ಫಿಲ್ಟರ್ ಯಾವುದು? ಕಡಿಮೆ ಖರ್ಚಿನ ಆಯ್ಕೆಗಳ ಹೋಲಿಕೆ

ಕೆರೆಯ ನೀರು ನುಣ್ಣಗೆ ಕಾಣಬೇಕು, ಮೋಡ ಹರಿದು ಹೋದ ಗುರುತು ಉಳಿಯಬೇಕು ಅಂದರೆ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು. ಇದೇ ಲಾಂಗ್ ಎಕ್ಸ್‌ಪೋಶರ್. ಹಗಲಲ್ಲಿ ಹಾಗೆ ತೆರೆದಿಟ್ಟರೆ ಫೋಟೊ ಪೂರ್ತಿ ಬೆಳ್ಳಗಾಗಿ ಹೋಗುತ್ತದೆ. ಬೆಳಕು ತಡೆಯಲು ಲೆನ್ಸ್ ಮುಂದೆ ಒಂದು ಕಪ್ಪು ಗಾಜು ಬೇಕು. ಅದೇ ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರ್. ಕೊಳ್ಳಲು ಹೊರಟರೆ ಸಿಗುವ ಬಗೆಗಳು ಮಾತ್ರ ಹತ್ತಾರು. ತಿರುಗಿಸುವುದು, ಚೌಕದ್ದು, ಮ್ಯಾಗ್ನೆಟ್ ಇರುವುದು, ಮೂರರ ಸೆಟ್ಟು, ಹತ್ತು ಸ್ಟಾಪಿನದು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಒಂದೊಂದಕ್ಕೆ ಒಂದೊಂದು ಬೆಲೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತ ಫೋಟೊ ತೆಗೆಯುವವರು ಕೇಳಿದರೆ ನನ್ನ ಉತ್ತರ ಹೀಗಿರುತ್ತದೆ. ಮೊದಲು ಒಂದೇ ಒಂದು ಫಿಲ್ಟರ್ ತಗೊಳ್ಳಿ. ಅದು 6 ಸ್ಟಾಪಿನದಾಗಿರಲಿ, ಗಾಜಿನದಾಗಿರಲಿ, ಲೆನ್ಸಿಗೆ ತಿರುಗಿಸಿ ಕೂರಿಸುವ ದುಂಡನೆಯದಾಗಿರಲಿ. ನಿಮ್ಮ ಹತ್ತಿರ ಇರುವ ಅತಿ ದೊಡ್ಡ ಲೆನ್ಸಿನ ಅಳತೆಗೆ ತಗೊಂಡು, ಚಿಕ್ಕ ಲೆನ್ಸಿಗೆ ಸ್ಟೆಪ್-ಅಪ್ ರಿಂಗ್ (ದೊಡ್ಡ ಫಿಲ್ಟರ್ ಕೂರಿಸಲು ನಡುವೆ ಹಾಕುವ ಉಂಗುರ) ಹಾಕಿ. ಮಿಕ್ಕಿದ್ದೆಲ್ಲ ಆಮೇಲೆ. ಯಾಕೆ ಹೀಗೆ ಹೇಳುತ್ತೇನೆ, ಯಾರಿಗೆ ಈ ಉತ್ತರ ಸರಿಹೊಂದುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಎಷ್ಟು ಕಪ್ಪು ಬೇಕು

ಮೊದಲು ಡಬ್ಬಿಯ ಮೇಲಿನ ಸಂಖ್ಯೆಗಳನ್ನು ನೋಡೋಣ. ಒಂದೇ ಫಿಲ್ಟರನ್ನು ಕಂಪನಿಗಳು ಮೂರು ರೀತಿ ಬರೆಯುತ್ತವೆ. 3 ಸ್ಟಾಪ್ ಅಂದರೂ ಎನ್‌ಡಿ 8 ಅಂದರೂ 0.9 ಅಂದರೂ ಒಂದೇ. 6 ಸ್ಟಾಪ್ ಅಂದರೆ ಎನ್‌ಡಿ 64, ಅದೇ 1.8. 10 ಸ್ಟಾಪ್ ಅಂದರೆ ಎನ್‌ಡಿ 1000, ಅದೇ 3.0. ಇದು ಗೊತ್ತಿಲ್ಲದಿದ್ದರೆ "ಎನ್‌ಡಿ 3.0" ಅಂತ ಬರೆದಿದ್ದನ್ನು 3 ಸ್ಟಾಪಿನದು ಅಂದುಕೊಂಡು ತರಿಸಿಬಿಡುತ್ತೀರಿ. ಬಂದಮೇಲೆ ಅದರಲ್ಲಿ ಏನೂ ಕಾಣುವುದಿಲ್ಲ.

ಎನ್‌ಡಿ ಪಕ್ಕದ ದೊಡ್ಡ ಸಂಖ್ಯೆಯಿಂದ ಲೆಕ್ಕ ಸುಲಭ. ಫಿಲ್ಟರ್ ಇಲ್ಲದೆ ಬಂದ ಶಟರ್ ಸಮಯವನ್ನು ಆ ಸಂಖ್ಯೆಯಿಂದ ಗುಣಿಸಿದರೆ ಸಾಕು. 1/8 ಸೆಕೆಂಡಿಗೆ ಎನ್‌ಡಿ 64 ಹಾಕಿದರೆ 8 ಸೆಕೆಂಡ್. 1/60 ಸೆಕೆಂಡಿಗೆ ಎನ್‌ಡಿ 1000 ಹಾಕಿದರೆ ಸುಮಾರು 17 ಸೆಕೆಂಡ್.

ಇದನ್ನು ಉಣಕಲ್ ಕೆರೆಗೆ ಹಾಕಿ ನೋಡಿ. ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಎಫ್ ಸಂಖ್ಯೆ ಏರಿದಷ್ಟೂ ಚಿಕ್ಕದು) ಎಫ್ 11 ಇಟ್ಟುಕೊಳ್ಳಿ. ಸೂರ್ಯ ಹುಟ್ಟುವ ಮುಂಚೆ ಮಬ್ಬು ಬೆಳಕಲ್ಲಿ 1/4 ಸೆಕೆಂಡ್ ಬಂತು ಅನ್ನೋಣ. 6 ಸ್ಟಾಪ್ ಹಾಕಿದರೆ 16 ಸೆಕೆಂಡ್. ಕೆರೆಯ ಸಣ್ಣ ಅಲೆ ಅಳಿಸಿಹೋಗಿ, ನಡುವೆ ನಿಂತ ವಿವೇಕಾನಂದರ ಪ್ರತಿಮೆಯ ಪ್ರತಿಬಿಂಬ ನೀರಲ್ಲಿ ನೀಟಾಗಿ ಕೂರಲು ಇಷ್ಟು ಸಾಕು. ಅದೇ ಹೊತ್ತಿಗೆ 10 ಸ್ಟಾಪ್ ಹಾಕಿದರೆ ನಾಲ್ಕು ನಿಮಿಷದ ಮೇಲಾಗುತ್ತದೆ. ಅಷ್ಟರಲ್ಲಿ ಬೆಳಕೇ ಬದಲಾಗಿರುತ್ತದೆ, ನಿಮ್ಮ ಲೆಕ್ಕ ತಪ್ಪುತ್ತದೆ. ಒಂದು ಫೋಟೊ ತೆಗೆದು ನೋಡಿ, ತಿದ್ದಿ, ಇನ್ನೊಂದು ತೆಗೆಯುವಷ್ಟರಲ್ಲಿ ಬೆಳಗಿನ ಬಣ್ಣ ಮುಗಿದುಹೋಗುತ್ತದೆ.

ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಾದ ಮೇಲೆ 1/30 ಬಂದರೆ 6 ಸ್ಟಾಪ್ ನಿಮಗೆ 2 ಸೆಕೆಂಡ್ ಕೊಡುತ್ತದೆ. ಸಣ್ಣ ಅಲೆಗೆ ಇದೂ ನಡೆಯುತ್ತದೆ. ಬಿಸಿಲು ಏರಿ 1/200 ಆದಾಗ ಮಾತ್ರ ಅದು 1/3 ಸೆಕೆಂಡಿಗೆ ಇಳಿದು ಕೈಬಿಡುತ್ತದೆ. ಆಗ 10 ಸ್ಟಾಪಿನದೇ ಬೇಕು. 1/200 ಅದರಿಂದ 5 ಸೆಕೆಂಡ್ ಆಗುತ್ತದೆ, ಎಫ್ 16ಕ್ಕೆ ಹೋದರೆ 10 ಸೆಕೆಂಡ್.

ಅಂದರೆ ಪ್ರಶ್ನೆ ಇಷ್ಟೇ: ನೀವು ಯಾವ ಹೊತ್ತಲ್ಲಿ ಫೋಟೊ ತೆಗೆಯುತ್ತೀರಿ? ನಮ್ಮ ಬಯಲುಸೀಮೆಯಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಬೆಳಕು ಚಪ್ಪಟೆಯಾಗುತ್ತದೆ, ಆಕಾಶ ಬಿಳಚಿಕೊಳ್ಳುತ್ತದೆ. ಕೆರೆ, ಗುಡಿ, ಗುಡ್ಡ ಚೆಂದ ಕಾಣುವುದು ಬೆಳಗಿನ, ಸಂಜೆಯ ಹೊತ್ತಲ್ಲೇ. ಆ ಹೊತ್ತಿಗೆ 6 ಸ್ಟಾಪ್ ಸರಿಯಾಗಿ ಹೊಂದುತ್ತದೆ. ಮಳೆಗಾಲದಲ್ಲಿ ಇನ್ನೂ ಒಳ್ಳೆಯದು. ಜೂನ್‌ನಿಂದ ಆಗಸ್ಟ್ ತನಕ ಧಾರವಾಡದ ಮೇಲೆ ಮೋಡ ಓಡುವ ವೇಗಕ್ಕೆ 15-20 ಸೆಕೆಂಡಲ್ಲೇ ಆಕಾಶದಲ್ಲಿ ಉದ್ದ ಗೆರೆ ಬರುತ್ತದೆ. ಮೋಡ ಕವಿದ ದಿನ ಬೆಳಕೂ ಕಡಿಮೆ. ಬೇಸಿಗೆಯ ನಿಂತ ಮೋಡಕ್ಕಾದರೆ ಎರಡು ಮೂರು ನಿಮಿಷವೂ ಸಾಲದು.

ಇನ್ನೊಂದು ಕಾರಣವೂ ಇದೆ. ಹೊಸಬರಿಗೆ ಇದೇ ಮುಖ್ಯ ಅನ್ನಿಸುತ್ತದೆ. 6 ಸ್ಟಾಪ್ ಹಾಕಿದ ಮೇಲೂ ಹಗಲು ಬೆಳಕಲ್ಲಿ ಕ್ಯಾಮೆರಾದ ಪರದೆಯ ಮೇಲೆ ಚಿತ್ರ ಕಾಣುತ್ತದೆ, ಸಾಮಾನ್ಯವಾಗಿ ಫೋಕಸ್ ಕೂಡ ಹಿಡಿಯುತ್ತದೆ. 10 ಸ್ಟಾಪಿನಲ್ಲಿ ಬಹಳಷ್ಟು ಕ್ಯಾಮೆರಾಗಳಿಗೆ ಅದು ಕಷ್ಟ. ಮೊದಲು ಫೋಕಸ್ ಮಾಡಿ, ಮ್ಯಾನುಯಲ್‌ಗೆ ಬದಲಿಸಿ, ಆಮೇಲೆ ಲೆನ್ಸ್ ಅಲ್ಲಾಡದಂತೆ ಫಿಲ್ಟರ್ ತಿರುಗಿಸಬೇಕು. ಫ್ರೇಮ್ ಬದಲಿಸಬೇಕೆಂದರೆ ಮತ್ತೆ ಬಿಚ್ಚಬೇಕು. ಕಲಿಯುವ ಹೊತ್ತಿಗೆ ಇದು ಬೇಸರ ತರಿಸುತ್ತದೆ.

ಗದಗಿನ ಗಾಳಿಯಂತ್ರ ಮತ್ತು ಶಟರ್ ಸಮಯ

ಕಪ್ಪತಗುಡ್ಡದ ಕಡೆ, ಗದಗ-ಮುಂಡರಗಿ ಸುತ್ತ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ತೆಗೆಯಬೇಕು ಅನ್ನುವವರು ಬಹಳ ಜನ. ಇಲ್ಲಿ ಜಾಸ್ತಿ ಕಪ್ಪು ಇದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಪೂರ್ತಿ ತಪ್ಪುತ್ತದೆ. ಅದಕ್ಕೇ ಇದನ್ನು ಬೇರೆಯಾಗಿ ಹೇಳುತ್ತಿದ್ದೇನೆ.

ಯಂತ್ರಕ್ಕೆ ಮೂರು ರೆಕ್ಕೆ. ನಿಮಿಷಕ್ಕೆ 20 ಸುತ್ತು ತಿರುಗುತ್ತಿದೆ ಅನ್ನೋಣ. ಒಂದು ಸುತ್ತಿಗೆ 3 ಸೆಕೆಂಡ್. ಅಂದರೆ ಒಂದು ಸೆಕೆಂಡಿನಲ್ಲಿ ಪ್ರತಿ ರೆಕ್ಕೆಯೂ ಮುಂದಿನ ರೆಕ್ಕೆ ಇದ್ದ ಜಾಗಕ್ಕೆ ಬಂದಿರುತ್ತದೆ. ನೀವು 1 ಸೆಕೆಂಡ್ ಶಟರ್ ತೆರೆದರೆ ಮೂರೂ ರೆಕ್ಕೆ ಸೇರಿ ತೆಳುವಾದ ಪೂರ್ತಿ ಚಕ್ರ. 1/4 ಸೆಕೆಂಡಾದರೆ ಮೂರು ಬೀಸಣಿಗೆಯ ಆಕಾರ, ತಿರುಗುತ್ತಿದೆ ಅನ್ನುವುದು ನೋಡಿದ ಕೂಡಲೇ ತಿಳಿಯುತ್ತದೆ. 30 ಸೆಕೆಂಡ್ ತೆರೆದರೆ? ರೆಕ್ಕೆ ಇದ್ದ ಕಡೆ ಬರೀ ಮಸುಕು ಉಳಿದು, ಕಂಬ ಮಾತ್ರ ಎದ್ದು ಕಾಣುತ್ತದೆ. ಪ್ರಖರ ಆಕಾಶದ ಎದುರು ಅಷ್ಟೂ ಉಳಿಯದೆ ಹೋಗಬಹುದು.

ಹಾಗಾಗಿ ಗಾಳಿಯಂತ್ರಕ್ಕೆ ಬೇಕಾದ್ದು 1/4ರಿಂದ 1 ಸೆಕೆಂಡ್. ಏರುಬಿಸಿಲಲ್ಲೂ 6 ಸ್ಟಾಪ್ ಹಾಕಿದರೆ 1/3 ಸೆಕೆಂಡ್ ಬರುತ್ತದೆ ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಸರಿಯಾಗಿ ಅದೇ. ಸಂಜೆಯಾದರೆ 3 ಸ್ಟಾಪಿನದೂ ಸಾಕು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ್ದಾರೆ. ಗುಡ್ಡದ ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಯಂತ್ರಗಳು ರಸ್ತೆಯಿಂದಲೂ ಚೆನ್ನಾಗಿ ಕಾಣುತ್ತವೆ.

ತಿರುಗಿಸುವುದೋ, ಚೌಕದ್ದೋ, ಒಂದೇ ಅಳತೆಯದ್ದೋ

ವೇರಿಯಬಲ್ ಎನ್‌ಡಿ ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಒಂದೇ ಫಿಲ್ಟರ್, ಉಂಗುರ ತಿರುಗಿಸಿದರೆ ಬೇಕಾದಷ್ಟು ಕಪ್ಪು. "ಎನ್‌ಡಿ 2-400" ಅಂತ ಬರೆದಿರುತ್ತಾರೆ, ಅಂದರೆ 1ರಿಂದ ಎಂಟೂವರೆ ಸ್ಟಾಪ್ ತನಕ. ಅದರೊಳಗೆ ಇರುವುದು ಎರಡು ಪೋಲರೈಸಿಂಗ್ ಗಾಜು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಗಾಜು. ಒಂದರ ಮೇಲೊಂದು ತಿರುಗಿದಂತೆ ಬೆಳಕು ಕಡಿಮೆಯಾಗುತ್ತದೆ. ತೊಂದರೆ ಬರುವುದು ತುದಿಯಲ್ಲಿ. ಜಾಸ್ತಿ ಕಪ್ಪಿನ ಕಡೆ ತಿರುಗಿಸಿದಾಗ ಚಿತ್ರದ ಮೇಲೆ ಅಡ್ಡಡ್ಡ ಕತ್ತರಿ ಗುರುತಿನಂಥ ಕಪ್ಪು ನೆರಳು ಬೀಳುತ್ತದೆ. ಲೆನ್ಸ್ ಅಗಲವಾದಷ್ಟೂ ಅದು ಬೇಗ ಕಾಣಿಸುತ್ತದೆ. ಕೆರೆ, ಆಕಾಶ ತೆಗೆಯುವವರು 18 ಮಿ.ಮೀ. ಫೋಕಲ್ ಲೆಂತ್, ಅಂದರೆ ಅಗಲದ ನೋಟದ ಆಸುಪಾಸಿನಲ್ಲೇ ಇರುತ್ತಾರೆ. ಅಲ್ಲಿಗೆ ಎಂಟೂವರೆ ಸ್ಟಾಪ್ ಅನ್ನುವ ಮಾತು ಡಬ್ಬಿಯ ಮೇಲೆ ಮಾತ್ರ ಉಳಿಯುತ್ತದೆ. ಸಾಲದ್ದಕ್ಕೆ ನೀಲಿ ಆಕಾಶ ಒಂದು ಕಡೆ ಕಡು, ಇನ್ನೊಂದು ಕಡೆ ತೆಳು ಬರುತ್ತದೆ. ಈ ಕಲೆ ಎಡಿಟಿಂಗಲ್ಲಿ ಹೋಗುವುದಿಲ್ಲ. ಲಾಂಗ್ ಎಕ್ಸ್‌ಪೋಶರ್‌ಗೆಂದೇ ದುಡ್ಡು ಹಾಕುವುದಾದರೆ ವೇರಿಯಬಲ್ ಬೇಡ.

ಆದರೆ ವಿಡಿಯೊ ಮಾಡುವವರಿಗೆ ಇದೇ ಸರಿ. ಮದುವೆ, ಪ್ರಿ-ವೆಡ್ಡಿಂಗ್ ಕೆಲಸ ಮಾಡುವವರು ಬಿಸಿಲಲ್ಲೂ ಶಟರ್ 1/50ರಲ್ಲೇ ಇಡಬೇಕಾಗುತ್ತದೆ. ಎಫ್ 4ರಲ್ಲಿ ಬಿಸಿಲಿಗೆ 1/1600 ಬಂದರೆ 5 ಸ್ಟಾಪ್ ತಡೆದರೆ 1/50ಕ್ಕೆ ಬರುತ್ತದೆ. "ಎನ್‌ಡಿ 2-32" ಅನ್ನುವ ವೇರಿಯಬಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ವ್ಯಾಪ್ತಿ 5 ಸ್ಟಾಪಿಗೇ ಮುಗಿಯುವುದರಿಂದ ಆ ಕತ್ತರಿ ನೆರಳಿನ ಕಾಟವೂ ಕಡಿಮೆ. ವಿಡಿಯೊಗೂ ಫೋಟೊಗೂ ಒಂದೇ ಫಿಲ್ಟರ್ ಆಗಲಿ ಅಂತ ನೋಡಿದರೆ ಎರಡರಲ್ಲೂ ಅರ್ಧ ಕೆಲಸ ಆಗುತ್ತದೆ.

ಚೌಕದ ಫಿಲ್ಟರ್, ಅಂದರೆ ಲೆನ್ಸಿಗೆ ಹೋಲ್ಡರ್ ಹಾಕಿ ಅದರಲ್ಲಿ 100 ಮಿ.ಮೀ. ಅಗಲದ ಗಾಜು ಇಳಿಬಿಡುವುದು, ದೊಡ್ಡ ಫೋಟೊಗ್ರಾಫರ್‌ಗಳ ಕೈಯಲ್ಲಿ ಕಾಣುತ್ತದೆ. ಲೀ ಕಂಪನಿಯ ಬಿಗ್ ಸ್ಟಾಪರ್ ಈ ಬಗೆಯದೇ. ಫೋಕಸ್ ಮಾಡಿ ಗಾಜು ಇಳಿಸಿದರಾಯಿತು, ಲೆನ್ಸ್ ಅಲ್ಲಾಡುವುದಿಲ್ಲ. ಅಳತೆ ಬೇರೆಯಾದರೂ ರಿಂಗ್ ಬದಲಿಸಿದರೆ ಸಾಕು. ಆದರೆ ಹೋಲ್ಡರ್, ರಿಂಗ್, ಗಾಜು ಸೇರಿ ಖರ್ಚು ದುಂಡನೆಯ ಫಿಲ್ಟರಿನ ಕೆಲವು ಪಟ್ಟು. ಜೊತೆಗೆ ನಮ್ಮ ಕಡೆಯ ಗಾಳಿ ಇದಕ್ಕೆ ಶತ್ರು. ಚೌಕದ ಹೋಲ್ಡರ್ ಗಾಳಿಯನ್ನು ಎದುರಿಗೆ ಹಿಡಿಯುತ್ತದೆ, ಹಗುರ ಟ್ರೈಪಾಡ್ ಇದ್ದರೆ ನಡುಗುತ್ತದೆ. ಗದಗಿನ ಎರೆಭೂಮಿಯ ಧೂಳು ಗಾಜಿಗೂ ಹೋಲ್ಡರಿಗೂ ನಡುವೆ ಸೇರಿಕೊಳ್ಳುತ್ತದೆ. ಅಗ್ಗದ ಚೌಕಗಳು ಗಾಜಲ್ಲ, ಪ್ಲಾಸ್ಟಿಕ್ ರೆಸಿನ್. ಆ ಧೂಳನ್ನು ಬಟ್ಟೆಯಲ್ಲಿ ಒರೆಸಿದರೆ ಗೀರು ಗ್ಯಾರಂಟಿ.

ಮ್ಯಾಗ್ನೆಟ್ ಫಿಲ್ಟರ್ ಈಗೀಗ ಕಡಿಮೆ ಬೆಲೆಗೂ ಬರುತ್ತಿವೆ. ಹಾಕಿ ತೆಗೆಯುವುದು ಚಿಟಿಕೆ ಕೆಲಸ. 10 ಸ್ಟಾಪ್ ಬಳಸುವವರಿಗೆ ನಿಜಕ್ಕೂ ಅನುಕೂಲ. ಕೈ ತಾಗಿದರೆ ಬೀಳುವ ಸಾಧ್ಯತೆಯೂ ಇದೆ, ಕೆರೆ ದಂಡೆಯಲ್ಲಿ ಬಿದ್ದರೆ ಮುಗಿಯಿತು. ದುಡ್ಡು ಇದ್ದರೆ ತಗೊಳ್ಳಿ, ಇಲ್ಲದಿದ್ದರೆ ಏನೂ ನಷ್ಟವಿಲ್ಲ.

ಅಳತೆ ಮತ್ತು ಸ್ಟೆಪ್-ಅಪ್ ರಿಂಗ್

ದುಡ್ಡು ಉಳಿಯುವುದು ಇಲ್ಲಿ. ಲೆನ್ಸ್ ಕ್ಯಾಪ್‌ನ ಒಳಗಡೆ ಅಥವಾ ಲೆನ್ಸಿನ ಮುಂಭಾಗದಲ್ಲಿ ವೃತ್ತಕ್ಕೆ ಅಡ್ಡ ಗೆರೆ ಎಳೆದ ಗುರುತಿನ ಪಕ್ಕ ಒಂದು ಸಂಖ್ಯೆ ಇರುತ್ತದೆ. ಅದೇ ಫಿಲ್ಟರ್ ಅಳತೆ. ಕ್ಯಾನನ್‌ನ ಇಎಫ್-ಎಸ್ 18-55 ಎಸ್‌ಟಿಎಂ ಲೆನ್ಸಿಗೆ 58 ಮಿ.ಮೀ., ನಿಕಾನ್‌ನ 18-55 ಎಎಫ್-ಪಿಗೆ 55. ಕ್ಯಾನನ್ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂಗೆ 49. ಕ್ಯಾನನ್‌ನ ಇಎಫ್-ಎಸ್ 10-18ಕ್ಕೂ ನಿಕಾನ್‌ನ ಎಎಫ್-ಎಸ್ 18-140ಕ್ಕೂ 67.

ಈಗ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಲೆನ್ಸ್) ಇದೆ, ಮುಂದೆ ಅಗಲದ ಲೆನ್ಸ್ ತಗೊಳ್ಳುವ ಯೋಚನೆ ಇದೆ ಅಂದರೆ ಈಗಲೇ 67 ತಗೊಳ್ಳಿ. 58ರಿಂದ 67ಕ್ಕೆ ಸ್ಟೆಪ್-ಅಪ್ ರಿಂಗ್ ಕೆಲವು ನೂರು ರೂಪಾಯಿಯ ಒಳಗಿನ ಸಾಮಾನು. ಪ್ರತಿ ಲೆನ್ಸಿಗೂ ಒಂದೊಂದು ಫಿಲ್ಟರ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಕಡೆ ಹೋಗುವವರು 77 ಅಥವಾ 82 ಯೋಚಿಸಬಹುದು. ಅಷ್ಟು ದೂರದ ಯೋಚನೆ ಇಲ್ಲದವರಿಗೆ ಅದು ಸುಮ್ನೆ ಖರ್ಚು. ಉಲ್ಟಾ ಮಾತ್ರ ಮಾಡಬೇಡಿ. ಚಿಕ್ಕ ಫಿಲ್ಟರನ್ನು ದೊಡ್ಡ ಲೆನ್ಸಿಗೆ ಹಾಕಿದರೆ ನಾಲ್ಕೂ ಮೂಲೆ ಕಪ್ಪಾಗುತ್ತವೆ.

ರಿಂಗ್ ಹಾಕಿದರೆ ಬಿಸಿಲು ತಡೆಯುವ ಲೆನ್ಸ್ ಹುಡ್ ಕೂರುವುದಿಲ್ಲ. ಪಕ್ಕದಿಂದ ಬಿಸಿಲು ಬಿದ್ದರೆ ಕೈ ಅಥವಾ ಟೋಪಿ ಅಡ್ಡ ಹಿಡಿಯಬೇಕು. ಅಲ್ಯೂಮಿನಿಯಂ ರಿಂಗ್ ಕೆಲವೊಮ್ಮೆ ಬಿಗಿದುಕೊಂಡು ಬಿಚ್ಚಲಾರದು. ಅಂಚಿಗೆ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ, ಜಾಸ್ತಿ ಒತ್ತದೆ ತಿರುಗಿಸಿದರೆ ಬರುತ್ತದೆ. ಹಿತ್ತಾಳೆಯದು ಸಿಕ್ಕರೆ ಈ ತೊಂದರೆ ಕಡಿಮೆ.

ದುಡ್ಡಿಗೆ ತಕ್ಕ ಗಾಜು

ಹೆಸರಿಲ್ಲದ ಫಿಲ್ಟರ್‌ಗಳು ಕೆಲವು ನೂರಕ್ಕೆ ಸಿಗುತ್ತವೆ, ಎರಡು, ನಾಲ್ಕು, ಎಂಟರ ಮೂರರ ಸೆಟ್ಟು ಅಂತ. ಎನ್‌ಡಿ 2, 4, 8 ಅಂದರೆ 1, 2, 3 ಸ್ಟಾಪ್. ಮೂರನ್ನೂ ಒಂದರ ಮೇಲೊಂದು ಹಾಕಿದರೂ 6 ಸ್ಟಾಪ್ ಆಗುವುದು ನಿಜ. ಆದರೆ ಆರು ಗಾಜಿನ ಮುಖಗಳು ಸೇರಿ ಚಿತ್ರ ಮಂಕಾಗುತ್ತದೆ, ಎದುರು ಬೆಳಕಿದ್ದರೆ ಪ್ರತಿಬಿಂಬ ಬೀಳುತ್ತದೆ, ಅಗಲದ ಕಡೆ ಮೂಲೆಗಳು ಕಪ್ಪಾಗುತ್ತವೆ. ಕಡಿಮೆ ಬೆಲೆಯ ಆಮಿಷಗಳಲ್ಲಿ ನನಗೆ ಅತಿ ಬೇಸರ ತರುವುದು ಈ ಸೆಟ್ಟೇ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಒಂದು ಒಳ್ಳೆಯ ಗಾಜು ತಗೊಂಡರೆ ವರ್ಷಗಟ್ಟಲೆ ಬಳಸಬಹುದು.

ಅದರ ಮೇಲಿನ ಮೆಟ್ಟಿಲಲ್ಲಿ ಕೆ ಆ್ಯಂಡ್ ಎಫ್ ಕಾನ್ಸೆಪ್ಟ್‌ನಂಥ ಕಂಪನಿಗಳಿವೆ. ಗಾಜು, ಎರಡೂ ಕಡೆ ಲೇಪನ, ನೀರು ಜಾರುವ ಮೇಲ್ಮೈ. ಹವ್ಯಾಸಕ್ಕೆ ತೆಗೆಯುವವರಿಗೆ ಈ ಮಟ್ಟ ಸಾಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ಮೆಟ್ಟಿಲು ಮೇಲೆ ಹೋಯಾದ ಪ್ರೊ ಎನ್‌ಡಿ ಸರಣಿ, ನಿಸಿ, ಹೈಡಾ ಬರುತ್ತವೆ. ಬೆಲೆ ಏರುವುದು ಮುಖ್ಯವಾಗಿ ಬಣ್ಣಕ್ಕಾಗಿ.

ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಗ್ಗದ ಫಿಲ್ಟರ್‌ನಲ್ಲಿ ಚಿತ್ರಕ್ಕೆ ನೀಲಿ, ಹಳದಿ ಅಥವಾ ಕೆಂಪು ಛಾಯೆ ಬರುತ್ತದೆ. ಇಡೀ ಚಿತ್ರಕ್ಕೆ ಒಂದೇ ಸಮ ಬಂದರೆ ಚಿಂತೆಯಿಲ್ಲ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆದು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಸಮತೋಲ, ತಿದ್ದಿದರೆ ಹೋಗುತ್ತದೆ. ಹೋಗದೆ ಕಾಡುವುದು ಇನ್‌ಫ್ರಾರೆಡ್‌ನಿಂದ ಬರುವ ಕೆಂಪು. ಕಣ್ಣಿಗೆ ಕಾಣುವ ಬೆಳಕನ್ನು ಸಾವಿರ ಪಟ್ಟು ತಡೆಯುವ ಗಾಜು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅನ್ನು ಹಾಗೇ ಬಿಟ್ಟರೆ, ಸೆನ್ಸರ್‌ಗೆ ತಲುಪುವ ಬೆಳಕಿನಲ್ಲಿ ಅದರ ಪಾಲು ದೊಡ್ಡದಾಗುತ್ತದೆ. ಆಗ ಕಪ್ಪು ಬಟ್ಟೆ ಕಂದಾಗುತ್ತದೆ, ಹಸಿರು ಎಲೆ ಕೆಂಪು ತಿರುಗುತ್ತದೆ, ಕಲ್ಲು ಮಾತ್ರ ಸರಿಯಾಗಿರುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಈ ಕಾಟ 3 ಸ್ಟಾಪಿನಲ್ಲಿ ಗೊತ್ತೇ ಆಗದು, 6ರಲ್ಲಿ ಅಲ್ಪಸ್ವಲ್ಪ, 10ರಲ್ಲಿ ಎದ್ದು ಕಾಣುತ್ತದೆ. ಹಾಗಾಗಿ 6 ಸ್ಟಾಪಿಗೆ ಮಧ್ಯಮ ಬೆಲೆಯದು ನಡೆಯುತ್ತದೆ. 10 ಸ್ಟಾಪಿನದನ್ನು ಮುಂದೆ ತಗೊಳ್ಳುವಾಗ ಮಾತ್ರ ಬೆಲೆಯಲ್ಲಿ ಕೈ ಬಿಗಿ ಹಿಡಿಯಬೇಡಿ. ಮೊದಲನೆಯದಾಗಿ 6 ಸ್ಟಾಪ್ ಅನ್ನುವುದಕ್ಕೆ ಇದೂ ಒಂದು ಕಾರಣ.

ಅತಿ ಅಗ್ಗದ ದಾರಿ ಇನ್ನೊಂದಿದೆ: ವೆಲ್ಡಿಂಗ್ ಗಾಜು. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗೇನು ಕೊರತೆ? 10ನೇ ನಂಬರಿನ ಗಾಜು ಸುಮಾರು 13 ಸ್ಟಾಪ್ ತಡೆಯುತ್ತದೆ. ಏರುಬಿಸಿಲಿನ 1/200 ಅದರಿಂದ 40 ಸೆಕೆಂಡ್ ಆಗುತ್ತದೆ. ಲೆನ್ಸ್ ಮುಖಕ್ಕಿಂತ ದೊಡ್ಡ ತುಂಡು ತಗೊಂಡು ಪಕ್ಕದಿಂದ ಬೆಳಕು ಬರದಂತೆ ಕಟ್ಟಿದರೆ ಕೆಲಸ ಮಾಡುತ್ತದೆ. ಚಿತ್ರ ಪೂರ್ತಿ ಹಸಿರಾಗುತ್ತದೆ, ಬಣ್ಣ ತಿದ್ದಲು ಹೋಗಬೇಡಿ. ಕಪ್ಪು-ಬಿಳುಪಿಗೆ ಬದಲಿಸಿ. ಲಾಂಗ್ ಎಕ್ಸ್‌ಪೋಶರ್ ನಿಮಗೆ ಹಿಡಿಸುತ್ತದೋ ಇಲ್ಲವೋ ನೋಡಲು ಇದಕ್ಕಿಂತ ಕಡಿಮೆ ಖರ್ಚಿನದು ಇಲ್ಲ. ಕಾಲೇಜು ಹುಡುಗರಿಗೆ ಧೈರ್ಯವಾಗಿ ಹೇಳುತ್ತೇನೆ.

ಎನ್‌ಡಿ ಫಿಲ್ಟರೇ ಬೇಡದ ಕೆಲಸಗಳು

ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ರಸ್ತೆಯಲ್ಲಿ ಚಿಗರಿ ಬಸ್ಸಿನ ಬೆಳಕಿನ ಗೆರೆ ತೆಗೆಯಬೇಕೇ? ಸಂಜೆ ಕತ್ತಲಾದ ಮೇಲೆ ಐಎಸ್ಒ 100, ಎಫ್ 11ರಲ್ಲಿ 8-10 ಸೆಕೆಂಡ್ ತಾನಾಗಿಯೇ ಬರುತ್ತದೆ. ಫಿಲ್ಟರ್ ಹಾಕಿದರೆ ಗೆರೆ ಮಂಕಾಗುತ್ತದೆ. ಟ್ರೈಪಾಡ್ ಒಂದೇ ಸಾಕು.

ಮಳೆಗಾಲದಲ್ಲಿ ಜಲಪಾತಕ್ಕೆ ಹೋಗುವವರು ಎನ್‌ಡಿಗಿಂತ ಮುಂಚೆ ಸಿಪಿಎಲ್, ಅಂದರೆ ಪೋಲರೈಸರ್ ತಗೊಳ್ಳಿ. ಹಾವೇರಿ ಜಿಲ್ಲೆಯ ಮದಗ-ಮಾಸೂರು ಕೆರೆಯ ನೀರು ಧುಮುಕುವಲ್ಲಿ ಆಗಲಿ, ಯಲ್ಲಾಪುರದ ಕಾಡಿನ ಕಡೆ ಆಗಲಿ, ಮೋಡದ ನೆರಳಲ್ಲಿ ಬೆಳಕು ಮೊದಲೇ ಕಡಿಮೆ. ಬೀಳುವ ನೀರಿನ ಎಳೆ ಉಳಿಯಬೇಕಾದರೆ 1/4ರಿಂದ 1 ಸೆಕೆಂಡ್ ಸಾಕು. ಸಿಪಿಎಲ್ ಒಂದೂವರೆ-ಎರಡು ಸ್ಟಾಪ್ ಬೆಳಕನ್ನೂ ತಡೆಯುತ್ತದೆ, ಒದ್ದೆ ಬಂಡೆ ಮತ್ತು ಎಲೆಯ ಮೇಲಿನ ಹೊಳಪನ್ನೂ ತೆಗೆಯುತ್ತದೆ. ಆ ಹೊಳಪು ತೆಗೆಯುವ ಕೆಲಸ ಎಡಿಟಿಂಗಲ್ಲಿ ಆಗುವುದಿಲ್ಲ. ಎನ್‌ಡಿಯಿಂದಲೂ ಆಗುವುದಿಲ್ಲ.

ಮೂರನೆಯದು ಫೋಟೊ ಪೇರಿಸುವುದು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಒಂದರ ಹಿಂದೊಂದು 64 ಫೋಟೊ ತೆಗೆದು, ಎಲ್ಲದರ ಸರಾಸರಿ ಮಾಡಿದರೆ 6 ಸ್ಟಾಪ್ ಫಿಲ್ಟರ್ ಹಾಕಿದಷ್ಟೇ ಪರಿಣಾಮ. ಫೋಟೊಶಾಪ್‌ನಲ್ಲಿ ಮಾಡಬಹುದು, ಪುಕ್ಕಟೆ ಸಿಗುವ ಇಮೇಜ್‌ಮ್ಯಾಜಿಕ್‌ನಲ್ಲೂ ಮಾಡಬಹುದು. ಬಣ್ಣದ ಛಾಯೆ ಇಲ್ಲ, ನಾಯ್ಸ್ (ಚಿತ್ರದ ಮೇಲಿನ ಚುಕ್ಕೆಗಳ ಕಾಟ) ಕೂಡ ಕಡಿಮೆ. ಕೆರೆ ನೀರಿಗೆ ಚೆನ್ನಾಗಿ ಒಪ್ಪುತ್ತದೆ. ಓಡುವ ಮೋಡಕ್ಕೆ ಫೋಟೊಗಳ ನಡುವೆ ಬಿಡುವು ಬಂದರೆ ಗೆರೆ ತುಂಡು ತುಂಡಾಗುತ್ತದೆ. ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆ ಇರುವವರಿಗೆ ಇದು ಒಳ್ಳೆಯ ದಾರಿ. ಐಫೋನ್ ಇದ್ದವರು ಲೈವ್ ಫೋಟೊ ತೆಗೆದು ಲಾಂಗ್ ಎಕ್ಸ್‌ಪೋಶರ್ ಆಯ್ಕೆ ಒತ್ತಿದರೂ ಇದರ ಚಿಕ್ಕ ರೂಪ ಸಿಗುತ್ತದೆ.

ಅಪರ್ಚರ್ ಎಫ್ 22ಕ್ಕೆ ಇಳಿಸಿ ಸಾಧಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಎಫ್ 11ರಿಂದ 22ಕ್ಕೆ ಸಿಗುವುದು ಎರಡೇ ಸ್ಟಾಪ್. ಅಷ್ಟಕ್ಕೆ ಇಡೀ ಚಿತ್ರ ಮೆತ್ತಗಾಗುತ್ತದೆ.

ಹಕ್ಕಿಗಳಿರುವ ಜಾಗವೂ ಬೇರೆಯೇ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹತ್ತು ಸೆಕೆಂಡ್ ತೆರೆದರೆ ಹಕ್ಕಿಗಳೇ ಅಳಿಸಿಹೋಗುತ್ತವೆ. ಅಲ್ಲಿಗೆ ಟೆಲಿ ಲೆನ್ಸ್ ಒಯ್ಯಿರಿ.

ಬಂದ ದಿನವೇ ಪರೀಕ್ಷೆ ಮಾಡಿ

ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಮನೆಯಲ್ಲೇ ನೋಡಬಹುದು. ಮೊದಲು ಬೆಳಕಿನ ಅಳತೆ. ಬೆಳಕು ಬದಲಾಗದ ಜಾಗದಲ್ಲಿ ಬಿಳಿ ಗೋಡೆಯನ್ನು ಫಿಲ್ಟರ್ ಇಲ್ಲದೆ ತೆಗೆಯಿರಿ. 1/30 ಬಂತು ಅನ್ನಿ. ಫಿಲ್ಟರ್ ಹಾಕಿ 2 ಸೆಕೆಂಡ್ ಕೊಡಿ. ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಅದೇ ಜಾಗದಲ್ಲಿ ಬಂದರೆ ನಿಜವಾದ 6 ಸ್ಟಾಪ್. 3 ಸೆಕೆಂಡ್ ಬೇಕಾದರೆ ಆರೂವರೆ. ಅರ್ಧ ಸ್ಟಾಪ್ ವ್ಯತ್ಯಾಸ ದೊಡ್ಡದಲ್ಲ, ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಿ. ಒಂದು ಸ್ಟಾಪ್ ಮೀರಿದರೆ ವಾಪಸ್ ಕಳಿಸಿ.

ಅದೇ ಗೋಡೆಯ ಫೋಟೊದಲ್ಲಿ ಬಣ್ಣವೂ ಗೊತ್ತಾಗುತ್ತದೆ. ಮೂಲೆಗೂ ನಡುವಿಗೂ ಬಣ್ಣ ಬೇರೆ ಇದ್ದರೆ ಆ ಫಿಲ್ಟರ್ ಬೇಡ. ಆಮೇಲೆ ಬಿಸಿಲಲ್ಲಿ ಒಂದು ಕಪ್ಪು ಹತ್ತಿ ಬಟ್ಟೆ, ಒಂದು ಹಸಿರು ಗಿಡ ಪಕ್ಕಪಕ್ಕ ಇಟ್ಟು ತೆಗೆಯಿರಿ. ಬಟ್ಟೆ ಕಂದಾಗಿ ಕಂಡರೆ ಅದು ಇನ್‌ಫ್ರಾರೆಡ್ ಕಾಟವೇ. ಕೊನೆಗೆ ಲೆನ್ಸನ್ನು ಪೂರ್ತಿ ಜೂಮ್ ಮಾಡಿ ದೂರದ ಅಂಗಡಿ ಬೋರ್ಡಿನ ಅಕ್ಷರ ತೆಗೆಯಿರಿ, ಫಿಲ್ಟರ್ ಹಾಕಿ ಮತ್ತು ಹಾಕದೆ. ಗಾಜು ಸಮವಾಗಿ ಇಲ್ಲದಿದ್ದರೆ ಅಕ್ಷರದ ಅಂಚು ಮೆತ್ತಗಾಗುತ್ತದೆ. ಇದು ಅಗಲದ ಕಡೆ ಗೊತ್ತಾಗುವುದಿಲ್ಲ, ಜೂಮಿನಲ್ಲೇ ನೋಡಬೇಕು.

ಬಳಸುವಾಗ ಡಿಎಸ್ಎಲ್ಆರ್ ಇರುವವರು ಕಣ್ಣಿಟ್ಟು ನೋಡುವ ಕಿಂಡಿಯನ್ನು ಮುಚ್ಚಬೇಕು. ಹಿಂದಿನಿಂದ ನುಗ್ಗಿದ ಬೆಳಕು ದೀರ್ಘ ಎಕ್ಸ್‌ಪೋಶರ್‌ನಲ್ಲಿ ಅಡ್ಡ ಪಟ್ಟೆಯಾಗಿ ಕಾಣುತ್ತದೆ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಥಿರತೆಯ ಸ್ವಿಚ್ ಆಫ್ ಇರಲಿ, 2 ಸೆಕೆಂಡ್ ಟೈಮರ್ ಇರಲಿ. ಎನ್‌ಡಿ 1000 ಹಾಕಿದ ಕಿಂಡಿಯಲ್ಲಿ ಸೂರ್ಯನನ್ನಾಗಲಿ ಗ್ರಹಣವನ್ನಾಗಲಿ ನೋಡಬೇಡಿ. ಆ ಗಾಜು ಕಣ್ಣನ್ನು ಕಾಯಲು ಮಾಡಿದ್ದಲ್ಲ. ಧೂಳು ಬಿದ್ದರೆ ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬಟ್ಟೆ.

ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿ, ಬ್ರಹ್ಮ ಜಿನಾಲಯದಂಥ ಜಾಗಗಳು ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಅಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆಯುವುದು ಬೇರೆ, ಟ್ರೈಪಾಡ್ ಊರುವುದು ಬೇರೆ. ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇರುವುದು ನಮಗೆ ಅನುಕೂಲ. ಅನುಮತಿ ಕೇಳುವ ತನಕ ವರದೆ ತುಂಗಭದ್ರೆಗೆ ಸೇರುವ ಗಳಗನಾಥದ ಹೊಳೆ ದಂಡೆ, ಧಾರವಾಡದ ಕೆಲಗೇರಿ ಕೆರೆ ಇವೆ. ಫಿಲ್ಟರ್ ಪಳಗಿಸಿಕೊಳ್ಳಲು ಇವೇ ಒಳ್ಳೆಯ ಜಾಗ. ಕೆರೆಯಲ್ಲಿ ಅಂತರಗಂಗೆ ತೇಲುತ್ತಿದ್ದರೆ ಮಾತ್ರ ಶಟರ್ ಸಮಯ 2 ಸೆಕೆಂಡಿನೊಳಗೆ ಇಡಿ. ಅದಕ್ಕಿಂತ ಜಾಸ್ತಿಯಾದರೆ ತೇಲುವ ಎಲೆ ಹಸಿರು ಬಳಿದಂತೆ ನೀರಿನ ಮೇಲೆಲ್ಲ ಹರಡಿಕೊಳ್ಳುತ್ತದೆ.